ಲೈನ್ ಮನೆ ಮಕ್ಕಳಿಗೆ ಕನ್ನಡ ಬಂತು, ನಮ್ಮ ಮಕ್ಕಳಿಗೆ ಇಂಗ್ಲಿಷ್ ಯಾಕೆ ಬರ್ತಿಲ್ಲ?

ಮಲ್ನಾಡ್ ಮೇಷ್ಟ್ರು (ಸಕಲೇಶಪುರ ತಾಲ್ಲೂಕು)

ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಸುತ್ತ ಕಾಫಿ ತೋಟ. ಮೊದಲೆಲ್ಲ ಊರಿನ ಮಕ್ಕಳು, ಜೊತೆಗೆ ಒಂದಷ್ಟು ತಮಿಳು ಮನೆ ಮಕ್ಕಳು ಇರ್ತಿದ್ರು. ಈಗ ಕೆಳಗಿನ ತರಗತಿಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಕೆಲಸಕ್ಕೆ ಬಂದು ಲೈನ್ ಮನೆಗಳಲ್ಲಿ (ತೋಟದ ಕೂಲಿಯವರ ಸಾಲು ಮನೆ) ಇರೋರ ಮಕ್ಕಳೇ ಜಾಸ್ತಿ. ದೀಪಾವಳಿ ಕಳೆದ ಮೇಲೆ ಹಣ್ಣು ಕೊಯ್ಲಿಗೆ ಅಪ್ಪ ಅಮ್ಮನ ಜೊತೆ ಬಂದು ಸೇರಿದ ಹುಡುಗ, ಬೇಸಿಗೆ ರಜೆಯ ಹೊತ್ತಿಗೆ ಬಯಲಲ್ಲಿ ನಿಂತು "ನಾ ಔಟಾಗಿಲ್ಲ, ನೀ ಸುಳ್ಳು ಹೇಳ್ತೀಯ" ಅಂತ ಜಗಳ ಆಡ್ತಾನೆ. ಅವನಿಗೆ ಯಾರೂ ಕೂರಿಸಿ ಕನ್ನಡ ಹೇಳಿಕೊಟ್ಟಿಲ್ಲ.

ಅದೇ ಶಾಲೇಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಓದ್ಕೊಂಡು ಬಂದ ಏಳನೇ ಕ್ಲಾಸಿನ ಹುಡುಗಿ ಇದ್ದಾಳೆ. ಜಾಣೆ. ಪದ್ಯ ಬಾಯಿಪಾಠ, ಬರವಣಿಗೆ ಮುತ್ತು ಪೋಣಿಸಿದ ಹಾಗೆ. ಹೊರಗಿನಿಂದ ಯಾರಾದ್ರೂ ಬಂದು ಇಂಗ್ಲಿಷಲ್ಲಿ ಒಂದು ಮಾತು ಕೇಳಿದ್ರೆ ಹೆಸರು ಹೇಳಿ ನೆಲ ನೋಡ್ತಾಳೆ.

ಇನ್ನೊಂದು ವಿಷಯ ಇದೆ. ಆ ಹುಡುಗ ನನ್ನ ಹತ್ರ ಬಂದು "ಮೇಷ್ಟ್ರೇ, ನೀ ಬಾ, ಹೆಡ್‌ಮಾಷ್ಟ್ರು ಕರೀತಾನೆ" ಅಂತಾನೆ. ಸ್ಟಾಫ್ ರೂಮಲ್ಲಿ ಇದೇ ದೊಡ್ಡ ಮಾತಾಗಿದೆ, "ಈ ಮಕ್ಕಳಿಗೆ ಮರ್ಯಾದೆ ಗೊತ್ತಿಲ್ಲ" ಅಂತ. ನನಗ್ಯಾಕೋ ಅದು ಮರ್ಯಾದೆಯ ಪ್ರಶ್ನೆ ಅನ್ನಿಸಲಿಲ್ಲ. ತಿಳಿದವರು ಹೇಳಿ.

ಸುಮ್ನೆ ಓದ್ತೀನಿ

ವಯಸ್ಸು ಸಾರ್. ಚಿಕ್ಕ ಮಕ್ಕಳು ಯಾವ ಭಾಷೆ ಬೇಕಾದ್ರೂ ಹಿಡೀತಾರೆ. ಇದರಲ್ಲಿ ಚರ್ಚೆ ಮಾಡೋಕೇನಿದೆ?

ಕಾಫಿ ಕಣ (ಮೂಡಿಗೆರೆ)

ಏಳನೇ ಕ್ಲಾಸ್ ಹುಡುಗಿ ಎಂತ ಮುದುಕಿಯಾ ಮಾರಾಯ್ರೆ? ಅವಳೂ ಒಂದನೇ ಕ್ಲಾಸಿಂದ್ಲೇ ಶುರು ಮಾಡಿದ್ದಲ್ವಾ.

ನಾನು ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋನು. ನಮ್ಮ ಲೈನಲ್ಲಿ ಒಬ್ಬ ಇದ್ದಾನೆ, ವರ್ಷಾ ವರ್ಷಾ ಬರ್ತಾನೆ, ಮರಗಸಿಗೆ (ನೆರಳಿನ ಮರದ ಕೊಂಬೆ ಸವರೋ ಕೆಲಸ) ಅವನಷ್ಟು ಚೆಂದ ಮರ ಹತ್ತೋರು ಈ ಸುತ್ತಿನಲ್ಲಿ ಇಲ್ಲ. ಅವನ ಕನ್ನಡ ಇಷ್ಟೇ: "ಬಾ, ಹೋಗು, ಬೇಗ, ಸಾಕು, ನಾಳೆ ರಜಾ, ದುಡ್ಡು ಕೊಡು." ದಡ್ಡ ಅಂತಲ್ಲ. ನಾವು ಅವನ ಹತ್ರ ಆಡೋದೇ ಅಷ್ಟು. ಮೇಸ್ತ್ರಿ ಹೇಳೋದು ಅಷ್ಟು, ಸಾವ್ಕಾರ್ರು ಹೇಳೋದು ಅದಕ್ಕಿಂತ ಕಮ್ಮಿ. ಜಾಸ್ತಿ ಏನಾದ್ರೂ ಹೇಳೋದಿದ್ರೆ ನಾವೇ ಹಿಂದಿಗೆ ಹಾರ್ತೀವಿ. ನಮ್ಮ ಹಿಂದಿ ಕೇಳಿದ್ರೆ ದೇವರೇ ಗತಿ. ಅವರದ್ದಾದ್ರೂ ಎಂತ, ಎಲ್ಲರನ್ನೂ ಒಟ್ಟಿಗೆ "ಅಸ್ಸಾಮಿನವರು" ಅಂತ ಕರೀತೀವಿ, ಆದ್ರೆ ಒಂದು ಮನೇಲಿ ಬಂಗಾಳಿ, ಪಕ್ಕದ ಮನೇಲಿ ಅಸ್ಸಾಮಿ, ಟೀ ತೋಟದ ಕಡೆಯಿಂದ ಬಂದವರ ಮನೇಲಿ ಸಾದ್ರಿ. ಹಿಂದಿ ಅವರಿಗೂ ಕಲಿತದ್ದೇ, ನಮಗೂ ಕಲಿತದ್ದೇ.

ಈಗ ಇನ್ನೊಂದು ಕೇಳಿ. ಕೊಯ್ಲಿನ ಟೈಮಲ್ಲಿ ಕೂಲಿ ಕೆಜಿ ಲೆಕ್ಕ. ಸಂಜೆ ಚೀಲ ತಂದು ಇಡ್ತಾರೆ, ಒಬ್ಬ ತೂಕ ನೋಡಿ ಕೂಗ್ತಾನೆ, ಇನ್ನೊಬ್ಬ ಪುಸ್ತಕಕ್ಕೆ ಬರೀತಾನೆ. ಒಂದು ಹೆಂಗಸು ಸೀಸನ್ ಪೂರ್ತಿ ತುಟಿ ಬಿಚ್ಚಿದವಳಲ್ಲ. ಒಂದಿನ ಕೂಗೋ ಹುಡುಗ ನಲವತ್ತೆರಡು ಅಂದ. ಈ ಹೆಂಗಸು ಚೀಲದ ಮೇಲೆ ಕೈ ಇಟ್ಟು, "ಅಣ್ಣಾ, ನಲವತ್ತೆರಡು ಅಲ್ಲ, ಐವತ್ತೆರಡು. ನಾನು ನೋಡ್ದೆ. ತೆಗೀಬೇಡ, ಇನ್ನೊಂದ್ಸಲ ಇಡು, ಎಲ್ಲಾರೂ ನೋಡ್ಲಿ" ಅಂದ್ಲು. ತಿರುಗಿ ಇಟ್ರೆ ಐವತ್ತೆರಡೇ. ಅವಳಿಗೆ ಅಷ್ಟು ಕನ್ನಡ ಬರ್ತದೆ ಅಂತ ಅಲ್ಲಿದ್ದವರಿಗೆ ಯಾರಿಗೂ ಗೊತ್ತಿರ್ಲಿಲ್ಲ.

ಹಾಸನದ ಲೆಕ್ಚರರ್

ಕಾಫಿ ಕಣ ಅವರು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ನಾನು ಪಿಯು ಮಕ್ಕಳಿಗೆ ಇಂಗ್ಲಿಷ್ ಹೇಳೋಳು, ಓದಿದ್ದು ಭಾಷಾ ಕಲಿಕೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಎರಡನೇ ಭಾಷೆಯ ಕಲಿಕೆಯನ್ನ ಬಹುಕಾಲ ತಲೆಯೊಳಗಿನ ವ್ಯವಹಾರ ಅಂತಲೇ ನೋಡ್ತಿದ್ರು. ಭಾಷೆ ಕಿವಿಗೆ ಬೀಳುತ್ತೆ, ಮಿದುಳು ಅದನ್ನ ಜೋಡಿಸಿಕೊಳ್ಳುತ್ತೆ, ಆಮೇಲೆ ಬಾಯಿಂದ ಬರುತ್ತೆ. ಸ್ಟೀಫನ್ ಕ್ರಾಶೆನ್ 1980ರ ದಶಕದಲ್ಲಿ ಇದನ್ನ ಬಹಳ ಜನಪ್ರಿಯ ಮಾಡಿದರು: ಕಲಿಯುವವರ ಈಗಿನ ಮಟ್ಟಕ್ಕಿಂತ ತುಸು ಮೇಲಿನ, ಆದರೆ ಅರ್ಥವಾಗುವಂಥ ಭಾಷೆ ಧಾರಾಳವಾಗಿ ಕಿವಿಗೆ ಬಿದ್ದರೆ ಉಳಿದದ್ದು ತಾನಾಗೇ ಆಗುತ್ತೆ ಅಂತ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಪಾಠಗಳನ್ನೇ ಫ್ರೆಂಚಲ್ಲಿ ಮಾಡೋ ಶಾಲೆಗಳಿವೆ. ಮೆರಿಲ್ ಸ್ವೇನ್ ಅಲ್ಲಿ ನೋಡಿದ್ದು ಬೇರೆ. ವರ್ಷಗಟ್ಟಲೆ ಫ್ರೆಂಚ್ ಕೇಳಿದ ಮಕ್ಕಳಿಗೆ ಕೇಳಿದ್ದೆಲ್ಲ ಅರ್ಥ ಆಗ್ತಿತ್ತು, ಮಾತಿನಲ್ಲೂ ಬರವಣಿಗೆಯಲ್ಲೂ ವ್ಯಾಕರಣ ಮಾತ್ರ ಹಿಂದೆಯೇ ಉಳಿದಿತ್ತು. ಆಡಲೇಬೇಕಾದ ಸಂದರ್ಭ ಅವರಿಗೆ ಸಾಕಷ್ಟು ಸಿಕ್ಕಿರಲಿಲ್ಲ ಅಂತ 1985ರಲ್ಲಿ ಬರೆದರು. ಮುಂದೆ ಅವರೇ ವೈಗಾಟ್‌ಸ್ಕಿ ದಾರಿಗೆ ಬಂದರು.

ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ ಹೆಸರು ಬಿ.ಎಡ್. ಮಾಡಿದವರಿಗೆಲ್ಲ ಗೊತ್ತು. 1896ರಲ್ಲಿ ಹುಟ್ಟಿ 1934ರಲ್ಲಿ, ಮೂವತ್ತೇಳನೇ ವಯಸ್ಸಿಗೇ, ಕ್ಷಯದಿಂದ ತೀರಿಕೊಂಡ. ಅವನ ಮುಖ್ಯ ಮಾತು: ಮನುಷ್ಯನ ಯಾವ ದೊಡ್ಡ ಸಾಮರ್ಥ್ಯವೂ ಎರಡು ಸಲ ಕಾಣಿಸಿಕೊಳ್ಳುತ್ತೆ, ಮೊದಲು ಜನರ ನಡುವೆ, ಆಮೇಲೆ ಒಳಗೆ. ಇದನ್ನ ಎರಡನೇ ಭಾಷೆಗೆ ತಂದವರಲ್ಲಿ ಮುಖ್ಯರು ಜೇಮ್ಸ್ ಲ್ಯಾಂಟಾಲ್ಫ್, 1980ರ ದಶಕದ ನಡುವಿನಿಂದ. ಅವರ ಲೆಕ್ಕದಲ್ಲಿ ಯಾರ ಜೊತೆ, ಯಾವ ಕೆಲಸದಲ್ಲಿ, ಎಂಥ ಪಾಲು ಸಿಕ್ಕಿತು ಅನ್ನೋದೇ ಕಲಿಕೆ.

ಮರ ಹತ್ತುವವನಿಗೆ ಸಿಕ್ಕಿದ ಪಾಲು ಅಪ್ಪಣೆ ಕೇಳೋದು, ಅದಕ್ಕೇ ಅಪ್ಪಣೆಯ ಕನ್ನಡ ಬಂತು. ಆಟದ ಬಯಲಿನ ಹುಡುಗನಿಗೆ ಪೂರ್ತಿ ಪಾಲು, ಔಟೋ ನಾಟೌಟೋ ಅಂತ ವಾದ ಮಾಡೋ ಹಕ್ಕಿನ ಸಮೇತ.

ತೂಕದ ಹೆಂಗಸಿನ ಕಥೆ ಓದಿ ನನಗೆ ಬಾನಿ ನಾರ್ಟನ್ ನೆನಪಾದರು. 1990ರ ದಶಕದಲ್ಲಿ ಕೆನಡಾಕ್ಕೆ ವಲಸೆ ಬಂದ ಹೆಂಗಸರನ್ನ ಹತ್ತಿರದಿಂದ ನೋಡಿ ಬರೆದವರು. ಒಬ್ಬಾಕೆ ಪೋಲೆಂಡಿನವಳು, ಫಾಸ್ಟ್‌ಫುಡ್ ಹೋಟೆಲಲ್ಲಿ ಕೆಲಸ. ಬೇರೆಯವರಿಗೆ ಬೇಡವಾದ ಕೆಲಸ ಒಬ್ಬಳೇ ಮಾಡ್ತಿದ್ಲು, ಯಾರೂ ಮಾತಾಡಿಸ್ತಿರಲಿಲ್ಲ. ಸುತ್ತಲೂ ಇಂಗ್ಲಿಷೇ ಇದ್ದರೂ ಅವಳ ಪಾಲಿಗೆ ಇರಲಿಲ್ಲ. ಕೆಲಸದವರೆಲ್ಲ ಒಟ್ಟಿಗೆ ಹೊರಗೆ ಹೋಗಿ ಬರೋಕೆ ಶುರುವಾದಾಗ, ಹೋಟೆಲಿನ ಆಚೆ ಅವಳನ್ನ ನೋಡಿದ ಮೇಲೆ, ಮಾತು ತೆರೆದುಕೊಂಡಿತು. ಇನ್ನೊಬ್ಬಾಕೆ ಚೆಕ್ ಹೆಂಗಸು, ತನ್ನ ಇಂಗ್ಲಿಷ್ ಬಗ್ಗೆ ನಾಚಿಕೆ. ಬಾಡಿಗೆ ವಿಷಯಕ್ಕೆ ಮನೆ ಮಾಲೀಕ ತಕರಾರು ತೆಗೆದಾಗ ಫೋನಲ್ಲೇ ಅಷ್ಟುದ್ದ ವಾದ ಮಾಡಿದಳು, ಯಾಕಂದ್ರೆ ಮನೆ ಜವಾಬ್ದಾರಿ ಅವಳದು. ಕಲಿಯೋ ಆಸೆ ಇದೆಯೋ ಇಲ್ಲವೋ ಅಂತ ಮಾತ್ರ ಕೇಳಿದ್ರೆ ಸಾಲದು ಅಂತಾರೆ ನಾರ್ಟನ್. ಈ ಭಾಷೆಯಲ್ಲಿ ಹೂಡಿದರೆ ತನಗೇನು ದಕ್ಕುತ್ತೆ, ಬಾಯಿ ಬಿಡೋಕೆ ಯಾರು ಬಿಡ್ತಾರೆ, ಅದನ್ನೂ ಕೇಳಬೇಕು.

ಇನ್ನು "ನೀ ಬಾ". ಬಂಗಾಳಿಯಲ್ಲೂ ಅಸ್ಸಾಮಿಯಲ್ಲೂ ಎದುರಿಗಿರೋರನ್ನ ಕರೆಯೋಕೆ ಮೂರು ಮೆಟ್ಟಿಲು. ಬಂಗಾಳಿಯಲ್ಲಿ ಆಪ್ನಿ, ತುಮಿ, ತುಯಿ. ಅಸ್ಸಾಮಿಯಲ್ಲಿ ಆಪುನಿ, ತುಮಿ, ತಯ್. ಅಂಥ ಮನೆಯ ಮಗುವಿಗೆ ನಮಗಿಂತ ಒಂದು ಮೆಟ್ಟಿಲು ಜಾಸ್ತಿಯೇ ಗೊತ್ತು! ಲೈನ್ ಮನೆವರೆಗೆ ಹೋದ ಕನ್ನಡದಲ್ಲಿ ಬಹುವಚನ ಇರಲಿಲ್ಲ, ಅಷ್ಟೇ. ಅವನಪ್ಪನಿಗೆ ನಾವು ಯಾರಾದ್ರೂ "ಬನ್ನಿ" ಅಂದಿದ್ದೀವಾ?

ಸುಮ್ನೆ ಓದ್ತೀನಿ

ಕೊನೇ ಸಾಲು ಚುರುಕ್ ಅಂತು.

ವ್ಯಾಕರಣಪ್ರಿಯ (ಚಿಕ್ಕಮಗಳೂರು, ನಿವೃತ್ತ)

ಮಾನ್ಯರೇ, ಆಟದ ಬಯಲಿನಲ್ಲಿ ಜಗಳವಾಡಲು ಬಂದಷ್ಟಕ್ಕೆ ಭಾಷೆ ಬಂತು ಎನ್ನುವುದನ್ನು ನಾನು ಒಪ್ಪಲಾರೆ. ಆ ಬಾಲಕನನ್ನು ಕೂರಿಸಿ ಸಮಾಜ ವಿಜ್ಞಾನದ ಒಂದು ಪುಟ ಓದಿಸಿ. ಒತ್ತಕ್ಷರದಲ್ಲಿ ಎಡವುತ್ತಾನೆ, ಓದಿದರೂ ಸಾರಾಂಶ ಹೇಳಲಾರ. ಮೂವತ್ತು ವರ್ಷ ಪಾಠ ಮಾಡಿದವನು ನಾನು. "ಸಮಾಜವೇ ಕಲಿಸುತ್ತದೆ" ಎನ್ನುವವರು ಕೊನೆಗೆ ಶಿಕ್ಷಕನನ್ನು ಮನೆಗೆ ಕಳಿಸುತ್ತಾರೆ.

ಮಲ್ನಾಡ್ ಮೇಷ್ಟ್ರು

ಹಿರಿಯರು ಹೇಳಿದ್ದು ನಿಜ. ಹುಡುಗ ಓದೋದರಲ್ಲಿ ಹಿಂದೆ. ಬಯಲಲ್ಲಿ ಹುಲಿ, ಪುಸ್ತಕ ತೆರೆದರೆ ತೆಪ್ಪಗೆ.

ಹಾಸನದ ಲೆಕ್ಚರರ್

ವ್ಯಾಕರಣಪ್ರಿಯ ಸರ್ ಎತ್ತಿದ ಆಕ್ಷೇಪ ಗಟ್ಟಿ. ದಿನಬಳಕೆಯ ಮಾತು ಬೇಗ ಬರುತ್ತೆ, ಪಾಠದ ಭಾಷೆಗೆ ವರ್ಷಗಳೇ ಬೇಕು ಅಂತ ಜಿಮ್ ಕಮ್ಮಿನ್ಸ್ 1979ರಷ್ಟು ಹಿಂದೆಯೇ ಹೇಳಿದ್ದಾರೆ. "ಮಾತಾಡ್ತಾನಲ್ಲ, ಇನ್ನೇನು" ಅಂತ ಶಾಲೆ ಕೈಬಿಡೋದು ಇಂಥ ಮಕ್ಕಳನ್ನೇ.

ಆದರೆ ಶಿಕ್ಷಕರನ್ನ ಮನೆಗೆ ಕಳಿಸೋ ಮಾತು ವೈಗಾಟ್‌ಸ್ಕಿ ಎಲ್ಲೂ ಆಡಿಲ್ಲ. ಅವನ ಪ್ರಕಾರ ಪಾಠ ಬೆಳವಣಿಗೆಗಿಂತ ಒಂದು ಹೆಜ್ಜೆ ಮುಂದೆ ಇರಬೇಕು. ಮಗು ಒಬ್ಬನೇ ಮಾಡಬಲ್ಲದ್ದಕ್ಕೂ ಬಲ್ಲವರ ಜೊತೆ ಸೇರಿ ಮಾಡಬಲ್ಲದ್ದಕ್ಕೂ ನಡುವೆ ಇರೋ ಜಾಗ, ಬಿ.ಎಡ್.ನಲ್ಲಿ ಝಡ್.ಪಿ.ಡಿ. ಅಂತ ಗಟ್ಟು ಹೊಡೆದಿರ್ತೀವಲ್ಲ, ಶಿಕ್ಷಕರ ಜಾಗ ಅದೇ. ಕಟ್ಟಡಕ್ಕೆ ಸಾರುವೆ ಕಟ್ಟೋ ಹೋಲಿಕೆಯನ್ನ ಎಲ್ಲರೂ ಅವನ ತಲೆಗೇ ಕಟ್ತಾರೆ. ಅದನ್ನ ಬಳಕೆಗೆ ತಂದದ್ದು ವುಡ್, ಬ್ರೂನರ್, ರಾಸ್, 1976ರಲ್ಲಿ, ಪುಟ್ಟ ಮಕ್ಕಳು ಮರದ ತುಂಡು ಜೋಡಿಸಿ ಗೋಪುರ ಕಟ್ಟುವಾಗ ದೊಡ್ಡವರು ಹೇಗೆ ನೆರವಾಗ್ತಾರೆ ಅಂತ ನೋಡಿ.

ಅಲ್‌ಜಾಫ್ರೆ ಮತ್ತು ಲ್ಯಾಂಟಾಲ್ಫ್ 1994ರಲ್ಲಿ ಮಾಡಿದ ಕೆಲಸ ನಮಗೆ ನೇರವಾಗಿ ಬೇಕಾದ್ದು. ಇಂಗ್ಲಿಷ್ ಕಲಿಯೋರು ಬರೆದದ್ದನ್ನ ಕೂತು ತಿದ್ದುವಾಗ ಒಮ್ಮೆಗೇ ಉತ್ತರ ಹೇಳಬಾರದು. ಮೊದಲು ಸುಳಿವು, ಸಾಲದಿದ್ದರೆ ಇನ್ನಷ್ಟು ಬಿಡಿಸಿ, ಕಡೆಗೆ ಉತ್ತರ. "ಹೆಡ್‌ಮಾಷ್ಟ್ರು ಬಂದ" ಅಂತ ಹುಡುಗ ಅಂದಾಗ ಮಾಡಿ ನೋಡಿ. ಮೊದಲು ಸುಮ್ಮನೆ ಅವನ ಮುಖ ನೋಡಿ. ಹೊಳೀಲಿಲ್ವಾ, "ಹ್ಞಾ, ಏನಂದೆ?" ಆಗಲೂ ಅದೇ ಅಂದ್ರೆ "ಹೆಡ್‌ಮಾಷ್ಟ್ರು...?" ಅಂತ ಅರ್ಧಕ್ಕೆ ನಿಲ್ಲಿಸಿ. ಆಮೇಲೆ "ನಿನ್ನ ಗೆಳೆಯ ಬಂದ, ಹೆಡ್‌ಮಾಷ್ಟ್ರು?" ಕಡೆಗೆ ಬೇಕಾದ್ರೆ "ಬಂದ್ರು ಅನ್ನಬೇಕು ಮರೀ." ಈ ವಾರ ಕೊನೇ ಮೆಟ್ಟಿಲಿನ ಸಹಾಯ ಬೇಕಾದವನಿಗೆ ಮುಂದಿನ ತಿಂಗಳು ಬರೀ ಮುಖ ನೋಡಿದ್ರೆ ಸಾಕಾಗಬಹುದು. ತಪ್ಪು ಇನ್ನೂ ಆಗ್ತಾನೇ ಇರುತ್ತೆ, ಪರೀಕ್ಷೆಯಲ್ಲಿ ಸೊನ್ನೆಯೇ ಬರುತ್ತೆ, ಆದರೆ ಹುಡುಗ ಮುಂದೆ ಹೋಗಿದ್ದಾನೆ. ಆ ಮುನ್ನಡೆಯನ್ನ ಲೆಕ್ಕಕ್ಕೆ ಹಿಡಿದದ್ದೇ ಅವರ ಹೆಚ್ಚುಗಾರಿಕೆ.

ಮಲ್ನಾಡ್ ಮೇಷ್ಟ್ರು

ಅಯ್ಯೋ ಮೇಡಂ, ಇದು ನಲಿ-ಕಲಿ ತಟ್ಟೆಗಳಲ್ವಾ! ಗೊತ್ತಿಲ್ಲದವರಿಗೆ: ಎಚ್.ಡಿ.ಕೋಟೆಯಲ್ಲಿ 1995ರ ಸುಮಾರಿಗೆ ಶುರುವಾದ ಪದ್ಧತಿ, ಈಗ ರಾಜ್ಯದ ಸರ್ಕಾರಿ ಶಾಲೆಗಳ ಸಣ್ಣ ತರಗತಿಗಳಲ್ಲಿ ಇದೆ. ಮಕ್ಕಳು ಕೂರೋದು ವಯಸ್ಸಿನ ಪ್ರಕಾರ ಅಲ್ಲ, ಎಷ್ಟು ಸಹಾಯ ಬೇಕು ಅನ್ನೋದರ ಮೇಲೆ. ಒಂದು ಗುಂಪಿಗೆ ಪೂರ್ತಿ ಶಿಕ್ಷಕರ ಸಹಾಯ, ಇನ್ನೊಂದಕ್ಕೆ ಭಾಗಶಃ, ಆಮೇಲೆ ಗೆಳೆಯರ ಸಹಾಯ, ಕಡೆಗೆ ಸ್ವಕಲಿಕೆ. ಈ ಗುಂಪುಗಳಿಗೇ ತಟ್ಟೆ ಅನ್ನೋದು. ಚಟುವಟಿಕೆ ಬದಲಾದ ಹಾಗೆ ಮಗು ತಟ್ಟೆ ಬದಲಿಸುತ್ತೆ. ನಾವು ತಟ್ಟೆ ಬೋರ್ಡ್ ಬರೆಯೋದು ತಪಾಸಣೆಗೆ ಬಂದವರಿಗೆ ತೋರಿಸೋಕೆ ಅನ್ನೋ ಹಾಗೆ ಆಗಿಬಿಟ್ಟಿದೆ.

ಬೇಲೂರು ಗೈಡ್

ನಾನು ಓದಿದ್ದು ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಂ. ಇಂಗ್ಲಿಷಲ್ಲಿ ಜಸ್ಟ್ ಪಾಸು. ಈಗ ದಿನಾ ಇಂಗ್ಲಿಷಲ್ಲೇ ಅನ್ನ.

ನಾನು ಕಲ್ತಿದ್ದು ಹಿಂಗೆ. ನಮ್ಮ ಹಿರೀ ಗೈಡಣ್ಣ ಒಬ್ರ ಹಿಂದೆ ಟಾರ್ಚ್ ಹಿಡ್ಕೊಂಡು ಓಡಾಡ್ತಿದ್ದೆ. ದೇವಸ್ಥಾನದ ನವರಂಗದ ಒಳಗೆ ಕತ್ಲು, ಮೇಲೆ ಮದನಿಕೆ ವಿಗ್ರಹ. ಅಣ್ಣ "ಲುಕ್ ಅಟ್ ದಿ ಬ್ಯಾಂಗಲ್" ಅಂದ ತಕ್ಷಣ ಬೆಳಕು ಬಳೆ ಮೇಲೆ ಬೀಳ್ಬೇಕು. ತಪ್ಪಿದ್ರೆ ಜನರ ಎದುರೇ ಬೈಗುಳ. ಹಂಗಾಗಿ ಅವ್ರ ಪ್ರತಿ ಮಾತೂ ಕಿವಿಗೊಟ್ಟು ಕೇಳ್ಲೇಬೇಕಿತ್ತು. ಆಮೇಲೆ ಟಿಕೆಟ್, ಚಪ್ಪಲಿ, ಬಾತ್‌ರೂಮ್ ಎಲ್ಲಿ ಅಂತ ಹೇಳೋದು ನನ್ ಪಾಲಿಗೆ ಬಂತು. ಆಮೇಲೆ ಹೊರಗಿನ ಆನೆ ಸಾಲು, ಕುದುರೆ ಸಾಲು. ದರ್ಪಣ ಸುಂದರಿನ ಮಾತ್ರ ಅಣ್ಣ ಬಹಳ ದಿನ ಬಿಟ್ಕೊಡ್ಲಿಲ್ಲ.

ಬಾಯಿಪಾಠ ಸಾಕಾಗಲ್ಲ ಅಂತ ಗೊತ್ತಾಗಿದ್ದು ಒಬ್ಬ ಅಜ್ಜಿ ದೆಸೆಯಿಂದ. ಯಾವ ದೇಶದವ್ರೋ, "ಕೆತ್ತಿದವ್ರಿಗೆ ಊಟ ಹಾಕಿದ್ದು ಯಾರು?" ಅಂತ ಕೇಳಿದ್ರು. ನನ್ನ ಪಾಠದಲ್ಲಿ ಅದು ಇರ್ಲಿಲ್ಲ. ಅಣ್ಣ ಪಕ್ಕದಿಂದ ಮೆಲ್ಲಗೆ "ಕಿಂಗ್, ಗ್ರಾಂಟ್, ವಿಲೇಜ್" ಅಂತ ಮೂರೇ ಮಾತು ಎಸೆದ್ರು. ಮಿಕ್ಕಿದ್ದು ನಾನೇ ಕಟ್ಕೊಂಡು ಹೇಳ್ದೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದ ಮೇಲೆ ಪ್ರಶ್ನೆ ಕೇಳೋರು ಇನ್ನೂ ಜಾಸ್ತಿ, ಕಲಿಕೆನೂ ಜಾಸ್ತಿ.

ಹಾಸನದ ಲೆಕ್ಚರರ್

ಇದನ್ನ ನನ್ನ ಕ್ಲಾಸಲ್ಲಿ ಓದಿ ಹೇಳಬಹುದಾ ಅಣ್ಣ? ಲೇವ್ ಮತ್ತು ವೆಂಗರ್ 1991ರಲ್ಲಿ ಬರೆದದ್ದು ಇದನ್ನೇ. ಲೈಬೀರಿಯಾದ ದರ್ಜಿಗಳ ಹತ್ತಿರ ಕೆಲಸಕ್ಕೆ ಸೇರಿದ ಹುಡುಗರು ಬಟ್ಟೆ ಕತ್ತರಿಸೋದರಿಂದ ಶುರು ಮಾಡಲ್ಲ, ಕಡೆಯ ಕೆಲಸದಿಂದ ಶುರು ಮಾಡ್ತಾರೆ. ಗುಂಡಿ ಹಾಕೋದು, ಅಂಚು ಹೊಲಿಯೋದು, ಇಸ್ತ್ರಿ. ತಪ್ಪಿದರೂ ಬಟ್ಟೆ ಹಾಳಾಗಲ್ಲ, ಅಂಗಿ ಹೇಗೆ ಆಗಬೇಕು ಅನ್ನೋದು ದಿನಾ ಕಣ್ಣೆದುರು ಇರುತ್ತೆ. ನಿಮ್ಮ ಟಾರ್ಚ್ ಅಂಥದ್ದು. ಅಂಚಿನ ಕೆಲಸ, ಆದರೆ ಆಟ ಅಲ್ಲ, ನಿಜವಾದ ಕೆಲಸ. ಏಳನೇ ಕ್ಲಾಸಿನ ಆ ಹುಡುಗಿಗೆ ಇಂಗ್ಲಿಷಲ್ಲಿ ಅಂಥ ಒಂದು ಟಾರ್ಚೂ ಸಿಕ್ಕಿಲ್ಲ.

ಗಿರಿಸೀಮೆ ಅಮ್ಮ (ಚಿಕ್ಕಮಗಳೂರು)

ನನ್ನ ಮಗಳು ಓದೋ ಖಾಸಗಿ ಶಾಲೇಲಿ ಕನ್ನಡ ಮಾತಾಡಿದ್ರೆ ದಂಡ. ಗೆಳತಿ ಜೊತೆ ಪಿಸುಗುಟ್ಟಿದ್ರೂ ಡೈರಿಯಲ್ಲಿ ಬರೀತಾರೆ. ಮನೇಲಿ ಇಂಗ್ಲಿಷ್ ಮೀಡಿಯಂ ಲೆಕ್ಕ ಮಾಡುವಾಗ ನೋಡಿದ್ರೆ "ಇದನ್ನ ಇಲ್ಲಿಗೆ ತಂದ್ರೆ... ದಶಕ ತಗೊಂಡ್ರೆ... ಹ್ಞೂ ಸರಿ" ಅಂತ ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿಕೊಂಡೇ ಮಾಡೋದು. ಇದನ್ನ ಬಿಡಿಸಬೇಕಾ?

ಹಾಸನದ ಲೆಕ್ಚರರ್

ದಯವಿಟ್ಟು ಬಿಡಿಸಬೇಡಿ. ಮಕ್ಕಳು ತಮ್ಮಷ್ಟಕ್ಕೆ ಆಡಿಕೊಳ್ಳೋ ಮಾತು ಎಳಸುತನ, ಬೆಳೆದ ಹಾಗೆ ಉದುರಿಹೋಗುತ್ತೆ ಅಂತ ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ ತಿಳಿದಿದ್ದರು. ವೈಗಾಟ್‌ಸ್ಕಿ ಅದಕ್ಕೆ ಜಗ್ಗಲಿಲ್ಲ: ಅದು ಉದುರಲ್ಲ, ಒಳಗೆ ಇಳಿದು ಯೋಚನೆಯಾಗುತ್ತೆ. ಕಷ್ಟ ಜಾಸ್ತಿಯಾದಷ್ಟೂ ಗೊಣಗಾಟ ಜಾಸ್ತಿ. ನಿಮ್ಮ ಮಗಳು ಕನ್ನಡವನ್ನ ಮೆಟ್ಟುಗಲ್ಲು ಮಾಡಿಕೊಂಡು ಇಂಗ್ಲಿಷ್ ಲೆಕ್ಕ ದಾಟ್ತಿದ್ದಾಳೆ. ದಂಡ ಹಾಕೋ ಶಾಲೆಗಳು ಮಕ್ಕಳು ಯೋಚಿಸೋದಕ್ಕೇ ದಂಡ ಹಾಕ್ತಿವೆ, ಇದನ್ನ ಮೀಟಿಂಗಲ್ಲಿ ಎದ್ದು ನಿಂತು ಹೇಳಿ. ಲೈನ್ ಮನೆ ಮಕ್ಕಳಿಗೂ ಇದೇ ಅನ್ವಯ. ಇಬ್ಬರು ಬಂಗಾಳಿ ಮಕ್ಕಳು ಪಕ್ಕಪಕ್ಕ ಕೂತು ತಮ್ಮ ಮಾತಲ್ಲೇ ಕನ್ನಡ ಪಾಠ ಬಿಡಿಸಿಕೊಂಡರೆ ಕೂರಿಸಿ ಬಿಡಿ, ಬೇರೆ ಬೇರೆ ಮಾಡಬೇಡಿ.

ವ್ಯಾಕರಣಪ್ರಿಯ

ಇಲ್ಲಿ ನನ್ನದೊಂದು ತಕರಾರಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ನಡೆಸಿದ ಪ್ರಯೋಗ "ಬೆಂಗಳೂರು ಪ್ರಾಜೆಕ್ಟ್" ಎಂದೇ ಪ್ರಸಿದ್ಧ. ವ್ಯಾಕರಣವನ್ನು ನೇರವಾಗಿ ಬೋಧಿಸದೆ, ನಕ್ಷೆ, ರೈಲಿನ ವೇಳಾಪಟ್ಟಿ ಮುಂತಾದವನ್ನು ಕೊಟ್ಟು ಸಮಸ್ಯೆ ಬಿಡಿಸುವ ಮೂಲಕ ಇಂಗ್ಲಿಷ್ ಕಲಿಸುವ ಕ್ರಮ ಅದು. ಆ ಪ್ರಭು ಅವರೇ ಗುಂಪು ಕೆಲಸಕ್ಕೆ ಒಲವು ತೋರಲಿಲ್ಲ. ಕಲಿಯುವವರು ತಮ್ಮತಮ್ಮಲ್ಲೇ ಮಾತಾಡಿದರೆ ಒಬ್ಬರ ತಪ್ಪು ಇನ್ನೊಬ್ಬರಲ್ಲಿ ಗಟ್ಟಿಯಾಗುತ್ತದೆ ಎಂಬುದೇ ಕಾರಣ. ಇದಕ್ಕೇನೆನ್ನುತ್ತೀರಿ?

ಹಾಸನದ ಲೆಕ್ಚರರ್

ಒಳ್ಳೇ ಉದಾಹರಣೆ ಸರ್. ಪ್ರಭು ಅವರ ತರಗತಿ ನಡೀತಿದ್ದ ಕ್ರಮ ಮಾತ್ರ ನೋಡಿ: ಮೊದಲು ಇಡೀ ತರಗತಿ ಶಿಕ್ಷಕರ ಜೊತೆ ಬಾಯಲ್ಲೇ ಒಂದು ಸಮಸ್ಯೆ ಬಿಡಿಸುತ್ತೆ, ಆಮೇಲೆ ಅಂಥದೇ ಇನ್ನೊಂದನ್ನ ಪ್ರತಿ ಮಗು ತಾನೇ ಮಾಡುತ್ತೆ. ಮೊದಲು ಜನರ ನಡುವೆ, ಆಮೇಲೆ ಒಳಗೆ. ಅವರು ವೈಗಾಟ್‌ಸ್ಕಿ ಹೆಸರಲ್ಲಿ ಮಾಡಿದ್ದಲ್ಲ, ದಾರಿ ಹತ್ತಿರದ್ದು. ಬರೀ ಗುಂಪು ಮಾಡಿ ಕೂರಿಸಿಬಿಟ್ಟರೆ ಕಲಿಕೆ ಆಗಿಬಿಡುತ್ತೆ ಅಂತ ನಾನೂ ನಂಬಲ್ಲ. ಅದು ತರಬೇತಿಗಳಲ್ಲಿ ಹುಟ್ಟಿದ ಸೋಮಾರಿ ವ್ಯಾಖ್ಯಾನ. ಆದರೆ ಮೂರು ಜನಕ್ಕೆ ಒಂದೊಂದು ಚೂರು ಗೊತ್ತಿದ್ದು, ಸೇರಿ ಪೂರ್ತಿ ವಾಕ್ಯ ಕಟ್ಟಿದ್ದನ್ನೂ 1994ರಲ್ಲಿ ಡೊನಾಟೊ ತೋರಿಸಿದ್ದಾರೆ. ಎರಡೂ ಇದೆ.

ವ್ಯಾಕರಣಪ್ರಿಯ

"ಎರಡೂ ಇದೆ" ಎಂಬುದು ಉಪನ್ಯಾಸಕರ ಉತ್ತರ. ನಾಳೆ ಬೆಳಗ್ಗೆ ಪಾಠ ಮಾಡುವವನಿಗೆ ಏನು ಹೇಳುತ್ತೀರಿ?

ಮಲ್ನಾಡ್ ಮೇಷ್ಟ್ರು

ಪಾಠ ಮಾಡೋನು ನಾನೇ, ಹಾಗಾಗಿ ನಾನೇ ಹೇಳ್ತೀನಿ. ಬಿಸಿಯೂಟಕ್ಕೆ ಎಷ್ಟು ಮಕ್ಕಳು ಅಂತ ದಿನಾ ಬೆಳಗ್ಗೆ ಪ್ರತಿ ಕ್ಲಾಸಿಗೆ ಹೋಗಿ ಕೇಳಿ, ಅಡುಗೆ ಅಕ್ಕನಿಗೆ ಲೆಕ್ಕ ಒಪ್ಪಿಸೋ ಕೆಲಸ ಊರಿನ ಮಕ್ಕಳೇ ಮಾಡ್ತಿದ್ರು. ಈ ವಾರದಿಂದ ಆ ಹುಡುಗ ಒಬ್ಬ ದೊಡ್ಡ ಹುಡುಗಿ ಜೊತೆ ಹೋಗ್ತಾನೆ. ಅವಳು "ಮೇಡಂ, ನಿಮ್ಮ ಕ್ಲಾಸಲ್ಲಿ ಎಷ್ಟು ಜನ ಬಂದಿದ್ದಾರೆ?" ಅಂತ ಕೇಳೋದನ್ನ ಕೇಳಿಸ್ಕೊಳ್ತಾನೆ, ಸ್ಲೇಟಲ್ಲಿ ಬರ್ಕೊಳ್ತಾನೆ. ಆಮೇಲೆ ಅವನೇ ಕೇಳ್ಲಿ. ತಪ್ಪಿದ್ರೆ ಮುಖ ನೋಡೋಕೆ ಹೇಳಿದ್ದೀನಿ, ಬೈಯೋಕಲ್ಲ. ಸ್ಟಾಫ್ ರೂಮಲ್ಲಿ ಆಪ್ನಿ-ತುಮಿ-ತುಯಿ ಹೇಳಿದೆ. ಒಬ್ಬರು ಒಪ್ಪಿದ್ರು, ಇನ್ನೊಬ್ಬರು "ಅದೆಲ್ಲ ನಿಮ್ಮ ಹತ್ರಾನೇ ಇಟ್ಕೊಳ್ಳಿ" ಅಂದ್ರು.

ಇಂಗ್ಲಿಷಿಗೆ ನನ್ನ ಹತ್ರ ಟಾರ್ಚ್ ಇಲ್ಲ.

ಬೇಲೂರು ಗೈಡ್

ಸಾ, ಏಳನೇ ಕ್ಲಾಸಿನ್ ಮಕ್ಕಳನ್ನ ಕರ್ಕೊಂಡು ಬನ್ನಿ. ಭಾನುವಾರ ಬೇಡ, ರಷ್ಷು. ಒಬ್ಬೊಬ್ರಿಗೂ ಒಂದೇ ಶಿಲ್ಪ ಕೊಡೋಣ, ಎರಡು ಮೂರು ಮಾತು. ನಾನು ಪಕ್ಕದಲ್ಲೇ ನಿಂತಿರ್ತೀನಿ. ಸಿಕ್ಕಿಹಾಕ್ಕೊಂಡ್ರೆ ಒಂದು ಮಾತು ಎಸೀತೀನಿ.

ಕಾಫಿ ಕಣ

ಬೇಲೂರಿಗೆ ಹೋಗೋದಾದ್ರೆ ತೋಟದ ಜೀಪ್ ಕೇಳಿ ನೋಡ್ತೀನಿ, ಸಾವ್ಕಾರ್ರು ಇಲ್ಲ ಅನ್ನಲಿಕ್ಕಿಲ್ಲ. ಆದ್ರೆ ಮೇಷ್ಟ್ರೇ, ನಿಮ್ಮ ಲೆಕ್ಕದ ಹುಡುಗನ ಬಗ್ಗೆ ಒಂದು ಮಾತು. ಮಾರ್ಚ್ ಹೊತ್ತಿಗೆ ರೋಬಸ್ಟಾ ಕೊಯ್ಲು ಮುಗೀತದೆ. ಅರ್ಧ ಲೈನ್ ಖಾಲಿ ಆಗ್ತದೆ, ಪರೀಕ್ಷೆಗೆ ಮೊದಲೇ. ಊರಿಗೆ ಹೋದವರು ತಿರುಗಿ ಇದೇ ತೋಟಕ್ಕೆ ಬರ್ತಾರೆ ಅಂತಲೂ ಇಲ್ಲ, ಕೊಡಗಿಗೂ ಹೋಗಬಹುದು. ಅವನಪ್ಪ ಮಳೆಗಾಲಕ್ಕೂ ನಿಲ್ತಾನಾ ಅಂತ ಕೇಳಿ ಹೇಳ್ತೀನಿ. ಈ ಸಲ ಹಿಂದಿಯಲ್ಲಿ ಕೇಳಲ್ಲ.

ಮಲ್ನಾಡ್ ಮೇಷ್ಟ್ರು

ಕೇಳಿ. ನಿಲ್ಲೋದಿಲ್ಲ ಅಂದ್ರೆ ಟಿ.ಸಿ. ಕೈಗೆ ಕೊಟ್ಟೇ ಕಳಿಸ್ಬೇಕು, ಹೋದ ವರ್ಷ ಒಬ್ಬ ಹುಡುಗಿ ಹಾಗೇ ಹೋಗಿಬಿಟ್ಟಳು. ಜೀಪಿನ ವಿಷಯ ಫೋನಲ್ಲಿ ಮಾತಾಡೋಣ.